ನೀಲಿ ಹೋಯಿತು, ಕೊಳೆ ಹೋಯಿತೇ?

ಎಂ.ಎಸ್ಸಿ. ಪ್ರಾಜೆಕ್ಟ್ ವೈವಾಗೆ ಪರೀಕ್ಷಕಳಾಗಿ ಹೋದಾಗಲೆಲ್ಲ ಒಂದು ಪ್ರಶ್ನೆಯನ್ನು ನಾನು ತಪ್ಪದೆ ಕೇಳುತ್ತೇನೆ: ಪುಡಿ ಹಾಕದ ಬಣ್ಣದ ನೀರನ್ನೂ ಅದೇ ಬೆಳಕಿನಲ್ಲಿ ಇಟ್ಟು ನೋಡಿದೆಯಾ? ಕಳೆದ ವರ್ಷ ಬಳ್ಳಾರಿ ಕಡೆಯ ಹುಡುಗನೊಬ್ಬ ಈ ಪ್ರಶ್ನೆಗೆ ತಲೆ ತಗ್ಗಿಸಿದ. ಅವನ ಊರಿನಲ್ಲಿ ಜೀನ್ಸ್ ತೊಳೆದ ನೀಲಿ ನೀರು ಹರಿಯುವುದನ್ನು ನೋಡುತ್ತಲೇ ಬೆಳೆದವನು. ಆ ನೀರನ್ನು ಬಿಸಿಲಿನಿಂದಲೇ ಶುದ್ಧ ಮಾಡಬೇಕೆಂಬ ಆಸೆಯಿಂದ ಟೈಟಾನಿಯಂ ಡೈಆಕ್ಸೈಡಿಗೆ ಶೇ 5ರಷ್ಟು ಕಬ್ಬಿಣ ಬೆರೆಸಿದ್ದ. ಮೆಥಿಲೀನ್ ಬ್ಲೂ ಎಂಬ ಬಣ್ಣ ಎರಡು ಗಂಟೆಯಲ್ಲಿ ಬಿಳಿಚಿಕೊಂಡ ಫೋಟೋಗಳನ್ನು ಸಾಲಾಗಿ ಅಂಟಿಸಿ ತಂದಿದ್ದ.

ಅವನ ಆಸೆಯಲ್ಲಿ ತಪ್ಪೇನೂ ಇಲ್ಲ. ಟೈಟಾನಿಯಂ ಡೈಆಕ್ಸೈಡ್ ಅಗ್ಗದ ಪುಡಿ, ಗೋಡೆಯ ಬಿಳಿ ಪೇಂಟಿನಲ್ಲೂ ಟೂತ್‌ಪೇಸ್ಟಿನಲ್ಲೂ ಇರುವಂಥದು. 1960ರ ದಶಕದ ಕೊನೆಯಲ್ಲಿ ಟೋಕಿಯೊದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಅಕಿರಾ ಫುಜಿಶಿಮಾ ಇದರ ಹರಳನ್ನು ನೀರಿನಲ್ಲಿಟ್ಟು ಬೆಳಕು ಬಿಟ್ಟರು. ನೀರು ಒಡೆದು ಗುಳ್ಳೆಗಳೆದ್ದವು. ಗುರು ಕೆನಿಚಿ ಹೊಂಡಾ ಜೊತೆ ಅವರು ಬರೆದ ಲೇಖನ 1972ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಬೆಳಕು ತಾಗಿದರೆ ಎಲೆಕ್ಟ್ರಾನ್ ಮೇಲಕ್ಕೆ ಹಾರುತ್ತದೆ, ಅದು ಬಿಟ್ಟುಹೋದ ಖಾಲಿ ಜಾಗ ನೀರಿನಿಂದ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟಿಸುತ್ತದೆ, ಆ ರ‍್ಯಾಡಿಕಲ್ ಎದುರಿಗೆ ಸಿಕ್ಕ ಕೊಳೆಯನ್ನು ಸುಡುತ್ತದೆ.

ತೊಡಕಿರುವುದು ಆ ಹಾರುವ ಎತ್ತರದಲ್ಲಿ. ಅನಟೇಸ್ ಎಂಬ ರೂಪದಲ್ಲಿ ಅದು 3.2 ಎಲೆಕ್ಟ್ರಾನ್ ವೋಲ್ಟ್. ಅಷ್ಟು ಶಕ್ತಿ ಸುಮಾರು 388 ನ್ಯಾನೋಮೀಟರಿಗಿಂತ ಚಿಕ್ಕ ಅಲೆಯ ನೇರಳಾತೀತ ಕಿರಣಕ್ಕೆ ಮಾತ್ರ ಇದೆ. ನಮ್ಮ ಬಿಸಿಲಿನಲ್ಲಿ ಅದರ ಪಾಲು ಶೇ 5ರ ಆಸುಪಾಸು. ಕಣ್ಣಿಗೆ ಕಾಣುವ ಬೆಳಕೆಲ್ಲ ಈ ಬಿಳಿ ಪುಡಿಯ ಮೇಲೆ ಬಿದ್ದು ಹಾಗೇ ವಾಪಸಾಗುತ್ತದೆ.

ಆದ್ದರಿಂದಲೇ ಲೋಹದ ಆಸರೆ. ಟೈಟಾನಿಯಂ ಅಯಾನಿನ ಜಾಗದಲ್ಲಿ ಹೆಚ್ಚೂಕಮ್ಮಿ ಅಷ್ಟೇ ಗಾತ್ರದ ಕಬ್ಬಿಣದ ಅಯಾನು ಕೂರುತ್ತದೆ. ಅಟ್ಟಕ್ಕೆ ಏಣಿ ಎಟುಕದಿದ್ದಾಗ ನಡುವೆ ಒಂದು ಮಣೆ ಇಟ್ಟ ಹಾಗೆ, ಹಾರುವ ದಾರಿಯಲ್ಲಿ ಹೊಸದೊಂದು ಮೆಟ್ಟಿಲು ಸಿಗುತ್ತದೆ. ಪುಡಿ ಹಳದಿಯೋ ಕೆಂಚೋ ಆಗುತ್ತದೆ, ಅಂದರೆ ಕಾಣುವ ಬೆಳಕನ್ನು ಹೀರತೊಡಗುತ್ತದೆ. ಆದರೆ ಅದೇ ಮೆಟ್ಟಿಲ ಮೇಲೆ ಎಲೆಕ್ಟ್ರಾನೂ ಖಾಲಿ ಜಾಗವೂ ಎದುರಾಗಿ, ಕೆಲಸ ಮಾಡುವ ಮೊದಲೇ ಒಂದನ್ನೊಂದು ಸೇರಿ ತಣ್ಣಗಾಗಿಬಿಡಬಹುದು. 1994ರಲ್ಲಿ ಕ್ಯಾಲಿಫೋರ್ನಿಯಾದ ಚೊಯ್, ಟರ್ಮಿನ್, ಹಾಫ್‌ಮನ್ ಮೂವರು 21 ಲೋಹಗಳನ್ನು ಒಂದೊಂದಾಗಿ ಬೆರೆಸಿ ನೋಡಿದರು. ಕಬ್ಬಿಣ, ವನೇಡಿಯಂ, ರುಥೇನಿಯಂ ಮೊದಲಾದವು ಶೇ 0.1ರಿಂದ 0.5ರ ಮಟ್ಟದಲ್ಲಿ ಕೆಲಸವನ್ನು ಚುರುಕಾಗಿಸಿದವು. ಕೋಬಾಲ್ಟ್, ಅಲ್ಯೂಮಿನಿಯಂ ಕೆಡಿಸಿದವು. ಲೋಹ ಬೇಕಾದದ್ದು ಚಿಟಿಕೆಯಷ್ಟು, ಹಿಡಿಯಷ್ಟಲ್ಲ.

ಇನ್ನೂ ಹತ್ತಿರದ ಉದಾಹರಣೆ ನಮ್ಮ ಬೆಂಗಳೂರಿನದೇ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಸಿ. ಪಾಟೀಲರು ಬೆಳೆಸಿದ ದಹನ ವಿಧಾನ ನನಗೆ ಬಹಳ ಇಷ್ಟ. ಲೋಹದ ನೈಟ್ರೇಟನ್ನು ಗ್ಲೈಸಿನ್‌ನಂಥ ಇಂಧನದ ಜೊತೆ ಕರಗಿಸಿ ಬಿಸಿ ಕುಲುಮೆಗೆ ಇಟ್ಟರೆ ದ್ರಾವಣ ಉಕ್ಕಿ ಧಗ್ಗೆಂದು ಉರಿದು, ಅರಳಿನಂತೆ ಹಗುರಾದ ಪುಡಿ ಉಳಿಯುತ್ತದೆ. 2004ರಲ್ಲಿ ಅಲ್ಲಿಯ ಎಂ.ಎಸ್. ಹೆಗ್ಡೆ ಮತ್ತು ಗಿರಿಧರ್ ಮದ್ರಾಸ್ ಅವರ ತಂಡ ಹೀಗೆ ಮಾಡಿದ ಟೈಟಾನಿಯಂ ಡೈಆಕ್ಸೈಡಿಗೆ ಟಂಗ್‌ಸ್ಟನ್, ವನೇಡಿಯಂ, ಸೀರಿಯಂ, ಜಿರ್ಕೋನಿಯಂ, ಕಬ್ಬಿಣ, ತಾಮ್ರ ಸೇರಿಸಿ ಅಳೆಯಿತು. ಲೋಹ ಬೆರೆತ ಪುಡಿ, ಲೋಹವಿಲ್ಲದ ಅದೇ ಪುಡಿಗಿಂತ ಬಿಸಿಲಿನಲ್ಲೂ ಹಿಂದೆ ಬಿತ್ತು. ಅವರು ಅದನ್ನು ಮುಚ್ಚಿಡದೆ ಪ್ರಕಟಿಸಿದರು, ಕಾರಣವನ್ನೂ ಹುಡುಕಿದರು. ಆ ಲೇಖನವನ್ನು ಓದಿಸದೆ ಯಾವ ವಿದ್ಯಾರ್ಥಿಯ ಕೈಗೂ ಈ ಪುಡಿಯನ್ನು ಕೊಡಬಾರದೆಂದು ನಾನು ಹೇಳುತ್ತ ಬಂದಿದ್ದೇನೆ.

ಹಾಗಾದರೆ ಹುಡುಗನ ಬೀಕರಿನಲ್ಲಿ ನೀಲಿ ಹೋದದ್ದು ಹೇಗೆ? ಮೆಥಿಲೀನ್ ಬ್ಲೂ ತಾನೇ ಕೆಂಪು ಬೆಳಕನ್ನು, 664 ನ್ಯಾನೋಮೀಟರ್ ಸುತ್ತಮುತ್ತ, ಚೆನ್ನಾಗಿ ಹೀರುತ್ತದೆ. ಹೀರಿಕೊಂಡ ಬಣ್ಣ ತನ್ನ ಎಲೆಕ್ಟ್ರಾನನ್ನು ಪುಡಿಗೆ ದಾಟಿಸಿ ತಾನೇ ಮುರಿಯಬಲ್ಲದು. ಅಲ್ಲಿ ಲೋಹಕ್ಕೆ ಕೆಲಸವೇ ಇಲ್ಲ. ಒಂದಿಷ್ಟು ಬಣ್ಣ ಪುಡಿಗೆ ಅಂಟಿಕೊಂಡು ತಳ ಸೇರುತ್ತದೆ. ಇನ್ನೊಂದಿಷ್ಟು ಬಣ್ಣವಿಲ್ಲದ ಲ್ಯೂಕೋ ರೂಪಕ್ಕೆ ತಿರುಗಿರಬಹುದು, ಗಾಳಿ ತಾಗಿದರೆ ಮತ್ತೆ ನೀಲಿ. ಸಪ್ಪೊರೊದ ಬುನ್ಶೊ ಒಹ್ತಾನಿ ಮತ್ತು ಸಂಗಡಿಗರು ಕಾಣುವ ಬೆಳಕಿನ ಪರೀಕ್ಷೆಗೆ ಈ ಬಣ್ಣ ತಕ್ಕದ್ದಲ್ಲ ಎಂದು 2006ರಲ್ಲೇ ತೋರಿಸಿದ್ದಾರೆ. ಆದರೂ ನಮ್ಮ ಕಾಲೇಜುಗಳ ಪ್ರಾಜೆಕ್ಟ್ ವರದಿಗಳಲ್ಲಿ ಅದೇ ನೀಲಿ ಬಾಟಲಿ ಮೆರೆಯುತ್ತಿದೆ. ಮಕ್ಕಳನ್ನು ನಾನು ದೂರುವುದಿಲ್ಲ. ಬಣ್ಣ ಹೋದ ಗ್ರಾಫಿಗೆ ಅಂಕ ಕೊಟ್ಟು, ಹೋಗದ ಗ್ರಾಫಿಗೆ ಅಂಕ ಕಳೆಯುವವರು ನಾವು, ಮೇಷ್ಟ್ರುಗಳು. ಇದು ನಿಲ್ಲಬೇಕು.

ಲೋಹ ಕೆಲಸಕ್ಕೇ ಬರುವುದಿಲ್ಲ ಎಂದೂ ಅಲ್ಲ. ಟೋಕಿಯೊದ ಕಝುಹಿಟೊ ಹಶಿಮೊಟೊ ತಂಡ ತಾಮ್ರವನ್ನು ಹರಳಿನ ಒಳಗೆ ತುರುಕದೆ ಮೇಲ್ಮೈಗೆ ಮಾತ್ರ ಅಂಟಿಸಿತು. ಕಾಣುವ ಬೆಳಕಿನಲ್ಲಿ ಬಣ್ಣವಿಲ್ಲದ ಪ್ರೊಪನಾಲ್ ಆವಿ ಎಷ್ಟು ಇಂಗಾಲದ ಡೈಆಕ್ಸೈಡ್ ಆಯಿತೆಂದು ಅಳೆಯಿತು. ನಂಬಿಕೆ ಬರುವುದು ಅಂಥ ಅಳತೆಯಿಂದ.

ಇದಕ್ಕೆಲ್ಲ ದುಬಾರಿ ಉಪಕರಣ ಬೇಕೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಸೋಡಿಯಂ ನೈಟ್ರೈಟ್ ದ್ರಾವಣವನ್ನು ಗಾಜಿನ ಜಾಕೆಟ್ಟಿನಲ್ಲಿ ತುಂಬಿದರೆ 400 ನ್ಯಾನೋಮೀಟರಿನ ಕೆಳಗಿನ ಬೆಳಕು ಅಲ್ಲೇ ನಿಲ್ಲುತ್ತದೆ. ಅಂಗಡಿಯ ಬಿಳಿ ಎಲ್‌ಇಡಿ ಬಲ್ಬಿನಲ್ಲಿ ನೇರಳಾತೀತ ಇಲ್ಲವೆಂಬಷ್ಟು ಕಡಿಮೆ. ಬಣ್ಣದ ಬದಲು ಫೀನಾಲ್ ಸಾಕು. ಕತ್ತಲೆಯಲ್ಲಿ ಪುಡಿಯೊಡನೆ ಒಂದು ಬೀಕರ್, ಬೆಳಕಿನಲ್ಲಿ ಪುಡಿಯಿಲ್ಲದೆ ಒಂದು, ಲೋಹವಿಲ್ಲದ ಪುಡಿಯೊಡನೆ ಇನ್ನೊಂದು. ಕೊನೆಗೆ, ಬೆರೆಸಿದ ಲೋಹ ನೀರಿಗೆ ಬಿಟ್ಟುಕೊಂಡಿದೆಯೇ ಎಂಬ ತಪಾಸಣೆ. ಆ ನೀರು ಹರಿದು ಯಾರದೋ ಹೊಲ ಸೇರುವುದಿದೆ.

ಆ ಹುಡುಗನಿಗೆ ಒಂದು ತಿಂಗಳು ಕಾಲಾವಕಾಶ ಕೊಡಿಸಿದೆ. ಫೀನಾಲಿನ ಗ್ರಾಫ್ ತಂದ. ಮೂರು ಗಂಟೆಯಾದರೂ ಗೆರೆ ಹೆಚ್ಚೂಕಮ್ಮಿ ಮಟ್ಟಸ. ಕಣ್ಣು ತುಂಬಿಕೊಂಡು ನಿಂತಿದ್ದ. ಆ ವರ್ಷ ನಾನು ಕೊಟ್ಟ ಅತಿ ಹೆಚ್ಚು ಅಂಕ ಅವನಿಗೇ. ಹೋದ ವಾರ ಫೋನ್ ಮಾಡಿದ್ದ: 'ಕಬ್ಬಿಣಾನ ಪಾಯಿಂಟ್ ಎರಡಕ್ಕೆ ಇಳಿಸೀನ್ರಿ ಮೇಡಂ. ಗೆರಿ ಸ್ವಲ್ಪ ಬಾಗೈತಿ. ಖಾಲಿ ಬೀಕರೂ ಇಟ್ಟೀನ್ರಿ.'