ಹಳೆಯ ತೊಲೆಯ ಬೆಲೆ

ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎಂಬ ಗಾದೆ ಒಳ್ಳೆಯ ಮರಕ್ಕೂ ಸಲ್ಲುತ್ತದೆ. ಕಾಡಿನಲ್ಲಿ ನಿಂತಾಗ ಮಳೆಗೂ ನೆಲಕ್ಕೂ ಆಸರೆಯಾದ ಮರ, ಕಡಿದ ಮೇಲೆ ಕಂಬವಾಗಿ, ಬಾಗಿಲಾಗಿ, ತೊಟ್ಟಿಲಾಗಿ ತಲೆಮಾರುಗಳವರೆಗೆ ಬಾಳುತ್ತದೆ. ಆ ಎರಡನೆಯ ಬಾಳು ಇಂದು ಅಕಾಲದಲ್ಲಿ ಮುಗಿಯುತ್ತಿರುವುದು ವಿಷಾದದ ಸಂಗತಿ.

ಹರಿಹರ ತಾಲ್ಲೂಕಿನ ಭಾನುವಳ್ಳಿಯಂತಹ ಬಯಲುನಾಡಿನ ಊರುಗಳಲ್ಲಿ ಹಿಂದೆ ಮಣ್ಣಿನ ಮಾಳಿಗೆಯ ಮನೆಗಳಿದ್ದವು. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತೆ, ಅದರ ಮೇಲೆ ಮಣ್ಣು. ಇದು ಅವುಗಳನ್ನು ಕಟ್ಟುವ ಕ್ರಮ. ಅಂತಹ ಮನೆಗಳನ್ನು ಕೆಡವಿ ಸಿಮೆಂಟಿನ ಮನೆ ಕಟ್ಟುವಾಗ ಮರಮುಟ್ಟಿನಲ್ಲಿ ಸ್ವಲ್ಪ ವ್ಯಾಪಾರಿಯ ಪಾಲಾಗುತ್ತದೆ. ಸ್ವಲ್ಪ ಒಲೆಯ ಪಾಲಾಗುತ್ತದೆ.

ಹಸಿಮರ ಒಣಗುವಾಗ ಕುಗ್ಗುತ್ತದೆ, ಬಾಗುತ್ತದೆ, ಸೀಳು ಬಿಡುತ್ತದೆ. ಹತ್ತಾರು ವರ್ಷ ಸೂರಿನಡಿಯಲ್ಲಿದ್ದ ತೊಲೆ ಈ ವಿಕಾರಗಳನ್ನೆಲ್ಲ ಕಳೆದುಕೊಂಡು ಹದಗೊಂಡಿರುತ್ತದೆ. ತೇಗದ ಮರ ಚೆನ್ನಾಗಿ ಬಲಿಯಲು 50ರಿಂದ 80 ವರ್ಷಗಳು ಬೇಕು. ಒಂದು ಹೊತ್ತಿನ ಅಡುಗೆಗೆ ಬೂದಿಯಾದ ಜಂತೆಯನ್ನು ಕಾಡು ಮರಳಿ ಕೊಡಬೇಕಾದರೆ ಎರಡು ತಲೆಮಾರು ಕಾಯಬೇಕು! ಆದುದರಿಂದ ಮನೆಯಲ್ಲಿಯೇ ಗರಗಸ, ಉಳಿ, ಕೀಸುಳಿಗಳನ್ನಿಟ್ಟುಕೊಂಡು ಮಣೆ, ಮೇಜು, ಕಪಾಟು ಮಾಡಬಯಸುವವರು ಹೊಸ ಹಲಗೆಗೆ ಮೊದಲು ಹಳೆಯ ಮರವನ್ನು ಅರಸುವುದು ವಿವೇಕ.

ಹಳೆಯ ಮರದಲ್ಲಿ ಮೊಳೆಯಿರುತ್ತದೆ, ಗೆದ್ದಲಿರುತ್ತದೆ ಎಂದು ಕೆಲವರು ಹಿಂಜರಿಯುತ್ತಾರೆ. ಆ ಮಾತು ಸುಳ್ಳಲ್ಲ. ಆದರೆ ಪರೀಕ್ಷೆಯೂ ಕಷ್ಟವಲ್ಲ. ತಟ್ಟಿದಾಗ ಟೊಳ್ಳು ಸದ್ದು ಬಂದರೆ ಒಳಗೆ ಹಾಳಾಗಿದೆಯೆಂದು ಶಂಕಿಸಬೇಕು. ರಂಧ್ರಗಳಿಂದ ಹೊಸ ಪುಡಿ ಉದುರಿದರೆ ಹುಳು ಇನ್ನೂ ಇದೆಯೆಂದು ತಿಳಿಯಬೇಕು. ಅಯಸ್ಕಾಂತವನ್ನು ಮೇಲೆ ಆಡಿಸಿದರೆ ಅಡಗಿದ ಮೊಳೆ ಪತ್ತೆಯಾಗುತ್ತದೆ. ಕ್ರಿಯೋಸೋಟ್ ಎಂಬ ಎಣ್ಣೆಯುಣಿಸಿದ ರೈಲುಹಳಿಯ ಹಳೆಯ ದಿಮ್ಮಿಗಳು ಮಾತ್ರ ಮನೆಯೊಳಗಿನ ಕೆಲಸಕ್ಕೂ ಒಲೆಗೂ ಸಲ್ಲವು. ಯಾವ ಮರವನ್ನೇ ಆಗಲಿ, ಒಡೆಯನ ಒಪ್ಪಿಗೆಯಿಂದ ಕೊಂಡು ರಸೀತಿ ಪಡೆಯುವುದು ನ್ಯಾಯ.

ಇನ್ನೊಂದು ಎಚ್ಚರಿಕೆಯೂ ಬೇಕು. ಹಳೆಯ ಮರಕ್ಕೆ ಬೆಲೆ ಬಂದಿತೆಂದು ಗಟ್ಟಿಯಾಗಿ ನಿಂತ ಮನೆಯನ್ನೇ ಬಿಚ್ಚಿ ಮಾರುವುದು ಉಳಿತಾಯವಲ್ಲ, ಹಾಳುಗೆಡಹುವಿಕೆ. 2017ರಲ್ಲಿ ನಿಧನರಾದ ವಿಜಯನಾಥ ಶೆಣೈ ಅವರು ಅಳಿವಿನಂಚಿನಲ್ಲಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು, ಮಣಿಪಾಲದ ಹಸ್ತಶಿಲ್ಪ ಗ್ರಾಮದಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದರು. ಅಷ್ಟು ದೊಡ್ಡ ಕಾರ್ಯ ಎಲ್ಲರಿಗೂ ಸಾಧ್ಯವಾಗದು. ಆದರೆ ನಿಂತ ಮನೆಯನ್ನು ನಿಲ್ಲಗೊಡುವುದು, ಬಿದ್ದ ಮನೆಯ ತೊಲೆಯನ್ನು ಒಲೆಯಿಂದ ಉಳಿಸುವುದು ಎಲ್ಲರಿಗೂ ಸಾಧ್ಯ. ಅಜ್ಜನ ಮನೆಯ ಜಂತೆ ಮೊಮ್ಮಗಳ ಓದುವ ಮೇಜಾದರೆ ಕಾಡಿನ ಒಂದು ಮರಕ್ಕೆ ಕೊಡಲಿಯ ಪೆಟ್ಟು ತಪ್ಪೀತು.