ಫಲಕ ಸುಟ್ಟರೆ ಯಂತ್ರವೇ ಸತ್ತಂತೆಯೆ?

ದೋಟಿಯ ಕತ್ತಿ ಮೊಂಡಾಯಿತೆಂದು ದೋಟಿಯನ್ನೇ ಒಲೆಗೆ ಹಾಕುವ ತೋಟಿಗ ಬಿಳಗಿ ಸೀಮೆಯಲ್ಲಿ ಸಿಗಲಾರ. ಪಂಪಿನ ಮೋಟಾರು ಸುಟ್ಟರೆ ತಂತಿ ಸುತ್ತಿಸಿ ಮತ್ತೆ ಹೂಡುತ್ತಾರೆ. ಆದರೆ ಅಂಥದೇ ಮನೆಯ ಹುಡುಗ ಪ್ಲೈವುಡ್‌ನಲ್ಲಿ ಹೆಸರು, ಚಿತ್ತಾರ ಕತ್ತರಿಸಲೆಂದು ತಂದ ಪುಟ್ಟ ಲೇಸರ್ ಯಂತ್ರವು ಮುಂಗಾರಿಗೆ ಮುನ್ನಿನ ಸಿಡಿಲಿಗೆ ಸ್ತಬ್ಧವಾದರೆ ಸಿಗುವ ಸಲಹೆ ಬೇರೆಯೇ: ‘ಬೋರ್ಡು ಹೋಗಿದೆ, ಹೊಸ ಯಂತ್ರ ಕೊಳ್ಳಿ.’

ಇದು ಸಲಹೆಯಲ್ಲ, ವ್ಯಾಪಾರ. ‘ಕೆ40’ ಎಂದು ಹೆಸರಾದ ಚೀನಾದ ಯಂತ್ರವನ್ನೇ ನೋಡಬಹುದು. ಅನಿಲ ತುಂಬಿದ ಗಾಜಿನ ಕೊಳವೆ, ಕನ್ನಡಿಗಳು, ಮಸೂರ, ಎರಡು ಸ್ಟೆಪ್ಪರ್ ಮೋಟಾರು, ಹಳಿ, ಬೆಲ್ಟು ಇವೇ ಅದರ ಒಡಲು. ಅಂಗೈಯಗಲದ ನಿಯಂತ್ರಕ ಫಲಕವು ಮೋಟಾರುಗಳನ್ನು ಹೆಜ್ಜೆಹೆಜ್ಜೆಯಾಗಿ ನಡೆಸುತ್ತದೆ, ಕಿರಣವನ್ನು ಹೊತ್ತಿಸಿ ಆರಿಸುತ್ತದೆ. ವಿದ್ಯುತ್ ಪೂರೈಕೆಯ ಪೆಟ್ಟಿಗೆಯ ಪರೀಕ್ಷಾ ಗುಂಡಿ ಒತ್ತಿದಾಗ ಕಿರಣ ಬಂದರೆ ಕೊಳವೆ ಬದುಕಿದೆಯೆಂದೇ ಅರ್ಥ. ಅಷ್ಟನ್ನೂ ನೋಡದೆ ಮರಣಪತ್ರ ಬರೆಯುವುದು ಯಾವ ನ್ಯಾಯ?

ಮೂಲ ಫಲಕವು ತನ್ನದೇ ಗುಟ್ಟಿನ ತಂತ್ರಾಂಶಕ್ಕೆ ಮಾತ್ರ ಓಗೊಡುವಂತೆ ಕಟ್ಟಿದ್ದು. 2009ರಲ್ಲಿ ಹೊರಬಂದ ‘ಜಿಆರ್‌ಬಿಎಲ್’ ಎಂಬ ಮುಕ್ತ ತಂತ್ರಾಂಶವನ್ನಾದರೋ ಯಾರೂ ಓದಬಹುದು, ತಿದ್ದಬಹುದು. ಅದು ನಡೆಯುವ ಬೇರೊಂದು ಫಲಕವನ್ನು ಕೂರಿಸಿದರೆ ಹಳೆಯ ಒಡಲು ಮತ್ತೆ ದುಡಿಯುತ್ತದೆ. ತಂತಿ ಬಿಚ್ಚುವ ಮೊದಲು ಪ್ರತಿಯೊಂದು ಜೋಡಣೆಯ ಚಿತ್ರ ತೆಗೆದಿಟ್ಟುಕೊಳ್ಳಬೇಕು. ಬಳಿಕ 100 ಮಿಲಿಮೀಟರ್ ಗೆರೆ ಎಳೆಸಿ ಅಳೆದು, ವ್ಯತ್ಯಾಸವಿದ್ದರೆ ಹೆಜ್ಜೆಗಳ ಲೆಕ್ಕ ತಿದ್ದಬೇಕು. ಕೊಳವೆಗೆ ಹರಿಯುವುದು ಸಾವಿರಾರು ವೋಲ್ಟ್. ಪ್ಲಗ್ ಕಿತ್ತು, ಒಳಗೆ ಉಳಿದ ವಿದ್ಯುತ್ ಇಳಿದ ಮೇಲೆಯೇ ಕೈಹಾಕಬೇಕು. ಭೂಸಂಪರ್ಕ ಸರಿಯಿಲ್ಲದ ಮನೆಯಲ್ಲಿ ಈ ಸಾಹಸವೇ ಸಲ್ಲದು.

ಸರ್ಕಾರವೇನು ಮಾಡಿತು? ದುರಸ್ತಿಯ ಹಕ್ಕಿಗಾಗಿ ಕೇಂದ್ರವು 2022ರ ಜುಲೈನಲ್ಲಿ ಸಮಿತಿ ರಚಿಸಿತು. ಅದು ಮೊದಲಿಗೆ ಆರಿಸಿಕೊಂಡದ್ದು ಕೃಷಿ ಉಪಕರಣ, ಮೊಬೈಲು, ಗೃಹೋಪಕರಣ, ವಾಹನ ಎಂಬ ನಾಲ್ಕು ವಲಯ. ಜಗಲಿಯ ಮೇಲೆ ಕುಳಿತು ದುಡಿಯುವವನ ಈ ಪುಟ್ಟ ಯಂತ್ರ ಅವುಗಳಲ್ಲಿ ಯಾವುದಕ್ಕೂ ಸೇರದು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಒತ್ತಾದರೂ ಕೆಟ್ಟದ್ದನ್ನು ಒಡೆದು ಕರಗಿಸುವ ಲೆಕ್ಕದ ಮೇಲೆಯೇ. ಕೆಡದಂತೆ ಉಳಿಸಿಕೊಂಡವನಿಗೆ ಅಲ್ಲಿ ಜಾಗವೆಲ್ಲಿ? ಬೆಸುಗೆಯಲ್ಲಿ ಸೀಸವಿರಬಹುದಾದ ಫಲಕವನ್ನು ಗುಜರಿಯವನೂ ಒಯ್ಯದಿದ್ದರೆ ಅದು ಸೇರುವುದು ಹಳ್ಳದ ದಂಡೆಯನ್ನೇ.

ದುರಸ್ತಿಯಾದ ಯಂತ್ರಕ್ಕೂ ಪುಣ್ಯ ತಾನಾಗಿ ಬರುವುದಿಲ್ಲ. ಪಿವಿಸಿ ಹಾಳೆ ಕತ್ತರಿಸಿದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಎದೆಗೂ ಯಂತ್ರಕ್ಕೂ ವಿಷ. ಆದರೆ ಅದು ಬಳಸುವವನ ಹೊಣೆ. ಜೋಡಣೆಯ ನಕ್ಷೆ ಮತ್ತು ಬಿಡಿಭಾಗ ಒದಗಿಸುವುದು ಮಾರುವವನ ಹೊಣೆ. ಹಣ ಎಣಿಸಿಕೊಡುವ ಮುನ್ನವೇ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ವಿದ್ಯಾರ್ಥಿಗಳು ಆ ನಕ್ಷೆಯನ್ನು ಕೇಳಿ ಪಡೆಯಲಿ.