ಮೂರು ರಾಜ್ಯಗಳ ಸೂಟಿ

ಬೇಸಿಗೆ ಬಂತೆಂದರೆ ಮಹಾರಾಷ್ಟ್ರ ಗಡಿಯ ಉಮರ್ಗಾ, ನಿಲಂಗಾ, ಉದಗೀರಿನ ಮಕ್ಕಳು ಹೈದರಾಬಾದಿನ ಹಟ ಹಿಡಿಯುತ್ತಾರೆ. ವಂಡರ್‌ಲಾ ಪಾರ್ಕು ಆದರೂ ಸರಿ, ರಾಮೋಜಿ ಫಿಲ್ಮ್ ಸಿಟಿ ಆದರೂ ಸರಿ. ದಾರಿಯೇನೂ ದೂರದ್ದಲ್ಲ. ಉಮರ್ಗಾದಲ್ಲಿ ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿ ಹಿಡಿದರೆ ಹುಮನಾಬಾದ್, ಜಹೀರಾಬಾದ್ ದಾಟಿ ನಾಲ್ಕೈದು ತಾಸು. ಉದಗೀರಿನವರಿಗೆ ಬೀದರ್, ವಿಕಾರಾಬಾದ್ ಮೇಲೆ ಹೋಗುವ ರೈಲು ಉಂಟು. ಕಷ್ಟವೆಲ್ಲ ದಿನ ಗೊತ್ತುಮಾಡುವುದರಲ್ಲೇ.

ಗಡಿಯ ಮನೆತನಗಳು ಒಂದೇ ರಾಜ್ಯದಲ್ಲಿ ಇರುವುದಿಲ್ಲ. ಮಗಳನ್ನು ಬಸವಕಲ್ಯಾಣಕ್ಕೆ ಕೊಟ್ಟಿರುತ್ತಾರೆ, ಸೊಸೆಯನ್ನು ಭಾಲ್ಕಿಯಿಂದ ತಂದಿರುತ್ತಾರೆ, ಕಾಕಾ ನೌಕರಿಗೆಂದು ಹೈದರಾಬಾದ್ ಸೇರಿರುತ್ತಾರೆ. ಮಕ್ಕಳೆಲ್ಲ ಕೂಡಿ ಹೋಗಬೇಕಾದರೆ ಮೂರು ಸರಕಾರಗಳ ಸೂಟಿ ಕೂಡಿಬರಬೇಕು. 2025ರಲ್ಲಿ ಕರ್ನಾಟಕದ ಶಾಲೆಗಳಿಗೆ ಏಪ್ರಿಲ್ 11ರಿಂದ ಮೇ 28ರವರೆಗೆ ರಜೆ, ತೆಲಂಗಾಣದಲ್ಲಿ ಏಪ್ರಿಲ್ 24ರಿಂದ ಜೂನ್ 11ರವರೆಗೆ. ಮಹಾರಾಷ್ಟ್ರದಲ್ಲಿ ಪರೀಕ್ಷೆಯೇ ಏಪ್ರಿಲ್ ಕೊನೆಗೆ ಹೋಯಿತು. ಸೂಟಿ ಮೇ ಮೊದಲಲ್ಲಿ ಬಿಟ್ಟು ಜೂನ್ ನಡುವಿಗೆ ಮುಗಿಯಿತು. ಮೂರೂ ಕೂಡುವುದು ಮೇ ತಿಂಗಳಲ್ಲಿ ಮಾತ್ರ. ಬಿಸಿಲಿನ ಝಳ, ಸಾಲು ಮದುವೆಗಳು, ಪಾರ್ಕಿನ ಉದ್ದನೆಯ ಸರತಿ, ಇವೂ ಅದೇ ತಿಂಗಳಿನವು.

1956ರ ನವೆಂಬರ್ 1ಕ್ಕೆ ಮೊದಲು ಉದಗೀರ, ನಿಲಂಗಾ ಬೀದರ್ ಜಿಲ್ಲೆಯ ತಾಲೂಕುಗಳು. ಉಮರ್ಗಾ ಉಸ್ಮಾನಾಬಾದ್ ಜಿಲ್ಲೆಯದು. ಎಲ್ಲಕ್ಕೂ ರಾಜಧಾನಿ ಹೈದರಾಬಾದೇ. ಆ ಹೈದರಾಬಾದ್ ರಾಜ್ಯ ಮೂರು ಪಾಲಾದಾಗ ಭಾಷೆಯ ಲೆಕ್ಕ, ಜಿಲ್ಲೆಯ ಲೆಕ್ಕ ನಡೆಯಿತು. ಮಕ್ಕಳ ಸೂಟಿಯೂ ಪಾಲಾಗುತ್ತದೆಂದು ಆಗ ಯಾರು ಎಣಿಸಿದ್ದರು?

ಬಹಳ ಕಾಲ ಈ ಪಾಲು ಯಾರಿಗೂ ತಟ್ಟಲಿಲ್ಲ, ಏಕೆಂದರೆ ಆಯಿಯ ಮನೆಗೆ ತಾರೀಖು ಬೇಕಿರಲಿಲ್ಲ. ಬೀದರ್ ಕಡೆಯ ಮೊಮ್ಮಕ್ಕಳು ಮೊದಲು ಬರುವರು, ಲಾತೂರಿನವರು ಆಮೇಲೆ ಕೂಡಿಕೊಳ್ಳುವರು. ಒಬ್ಬರು ಹೊರಟರೂ ಇನ್ನಿಬ್ಬರು ಉಳಿಯುವರು. ಪಾರ್ಕಿಗೆ ಈ ಸಡಿಲ ಇಲ್ಲ. ಎಲ್ಲರೂ ಒಂದೇ ಮುಂಜಾನೆ ಬಾಗಿಲಲ್ಲಿ ನಿಲ್ಲಬೇಕು. ಮಕ್ಕಳ ಟಿಕೆಟ್ಟನ್ನು ವಯಸ್ಸು ಕೇಳಿ ಕೊಡುವುದಿಲ್ಲ, ಎತ್ತರ ಅಳೆದು ಕೊಡುತ್ತಾರೆ. ನೀರಿಗಿಳಿಯಲು ನೈಲಾನ್ ಬಟ್ಟೆ ಬೇಕು. ಹೊರಗಿನ ಊಟ ಒಳಗೆ ಬಿಡುವುದಿಲ್ಲವಾಗಿ ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಗಾಡಿಯಲ್ಲೇ ಉಳಿಯುತ್ತದೆ. ಇಳಕಲ್ ಸೀರೆಯ ಆಯಿ ಟಿಕೆಟ್ ಕೊಟ್ಟು ಒಳಗೆ ಬಂದು, ನೆರಳಲ್ಲಿ ಕೂತು ಎಲ್ಲರ ಚಪ್ಪಲಿ ಕಾಯುತ್ತಾರೆ.

ಹಾಗೆಂದು ಮಕ್ಕಳನ್ನು ಗದರಿಸಿ ಸುಮ್ಮನಿರಿಸುವುದೂ ನ್ಯಾಯವಲ್ಲ. ಹೈದರಾಬಾದಿನ ವಂಡರ್‌ಲಾ ಶುರುವಾದದ್ದು 2016ರ ಏಪ್ರಿಲ್‌ನಲ್ಲಿ. ಮೀರಜಿನಿಂದ ಬರಬಿದ್ದ ಲಾತೂರಿಗೆ ಮೊದಲ ರೈಲು ಐದು ಲಕ್ಷ ಲೀಟರ್ ನೀರು ಹೊತ್ತು ಬಂದದ್ದೂ ಅದೇ ತಿಂಗಳ 12ರಂದು. ಕೊಡ ಎಣಿಸಿ ನೀರು ತುಂಬುವ ಮನೆಯ ಮಕ್ಕಳು ವರ್ಷಕ್ಕೊಂದು ದಿನ ಎಣಿಕೆಯಿಲ್ಲದ ನೀರಲ್ಲಿ ಬೀಳಬೇಕೆಂದರೆ ಅದು ದುರಾಸೆಯಲ್ಲ.

ಆದ್ದರಿಂದ ಹೋಗುವುದು ಬೇಡವೆನ್ನುವ ಮಾತಿಲ್ಲ. ಮಾತಿರುವುದು ಯಾವುದನ್ನು ಮೊದಲು ಗೊತ್ತುಮಾಡಬೇಕೆಂಬುದರ ಮೇಲೆ. ನಾವೀಗ ಮೊಬೈಲಿನಲ್ಲಿ ಟಿಕೆಟ್ ತೆಗೆದು, ಆಮೇಲೆ ಯಾರ್ಯಾರು ಬರುತ್ತೀರೆಂದು ಕೇಳುತ್ತೇವೆ. ಮೊದಲು ಮೂರೂ ಕಡೆ ಫೋನ್ ಮಾಡಿ, ಮೇ ತಿಂಗಳಲ್ಲಿ ಎಲ್ಲರೂ ಆಯಿಯ ಮನೆಯಲ್ಲಿ ಇರುವ ವಾರ ಯಾವುದೆಂದು ತಿಳಿದುಕೊಳ್ಳೋಣ. ಅದರಲ್ಲಿ ಶನಿವಾರ, ಭಾನುವಾರ ಬಿಟ್ಟು ಒಂದು ದಿನ ಪಾರ್ಕಿಗೆ ಕೊಡೋಣ. ಉಳಿದ ದಿನ ಯಾರ ಯೋಜನೆಗೂ ಸಿಗದೆ ಹೋಗಲಿ. ಅಂಥ ವಾರವೇ ಸಿಗದಿದ್ದರೆ ಪಾರ್ಕು ಮುಂದಿನ ವರ್ಷಕ್ಕಿರಲಿ. ಅದು ಎಲ್ಲಿಗೂ ಹೋಗುವುದಿಲ್ಲ. ಮಕ್ಕಳು ಬೆಳೆಯುತ್ತಾರೆ, ಆಯಿಗೆ ವಯಸ್ಸಾಗುತ್ತದೆ.